ಮುಂಗಾಜಿನ ಕಾವಲು

ಆ ಗಾಜನ್ನು ಕಾರಿನಿಂದ ಬಿಡಿಸಿ ಹೊರತೆಗೆದ ದಿನದಿಂದ ಅದನ್ನು ಮತ್ತೆ ಕೂರಿಸಿದ ದಿನದವರೆಗೆ ನಾನು ಒಬ್ಬ ಮನುಷ್ಯನನ್ನು ಸಂಶಯದಿಂದಲೇ ನೋಡಿದೆ. ಸಂಶಯಕ್ಕೆ ಕಾರಣಗಳಿದ್ದವು. ಅವುಗಳನ್ನು ಕ್ರಮವಾಗಿ ಹೇಳುವುದು ನ್ಯಾಯ.

ಕಾರು ನನ್ನದು. ಜರ್ಮನಿಯಲ್ಲಿ ತಯಾರಾದ, ಎರಡೇ ಬಾಗಿಲುಗಳ, ಹಿಂದಕ್ಕೆ ಇಳಿಜಾರಾಗಿ ಬಾಗುವ ಚಾವಣಿಯ ಹಳೆಯ ಕೂಪೆ. ಯಾವುದೋ ಕಾರ್ಖಾನೆಯಲ್ಲಿ ಯಂತ್ರ ಜೋಡಿಸಲು ಬಂದಿದ್ದ ವಿದೇಶಿ ಎಂಜಿನಿಯರೊಬ್ಬರು ಊರಿಗೆ ಮರಳುವಾಗ ಅದನ್ನು ಇಲ್ಲಿಯೇ ಬಿಟ್ಟುಹೋದರಂತೆ. ಅನಂತರ ಅದು ಬಿನ್ನಿಪೇಟೆಯ ಒಂದು ಮನೆಯ ಪೋರ್ಟಿಕೋದಲ್ಲಿ ಟಾರ್ಪಾಲಿನ ಕೆಳಗೆ ವರ್ಷಗಟ್ಟಲೆ ಮಲಗಿತ್ತು. ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ, ಅವಧಿಗೆ ಮೊದಲೇ ನಿವೃತ್ತಿ ಪಡೆದ ಹೆಂಗಸೊಬ್ಬಳು ಅಂಥ ಕಾರನ್ನು ಏಕೆ ಕೊಂಡಳೆಂದು ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಅನೇಕರು ಕೇಳಿದರು. ಅದರ ಗೆರೆ ಸರಿಯಾಗಿತ್ತು ಎಂಬುದೇ ನನ್ನ ಉತ್ತರ. ಬಾನೆಟ್ಟಿನ ತುದಿಯಲ್ಲಿ ಹೊರಟ ಗೆರೆ ಎಲ್ಲಿಯೂ ತಡವರಿಸದೆ, ಎಲ್ಲಿಯೂ ಅನಗತ್ಯವಾಗಿ ಉಬ್ಬದೆ, ಹಿಂದಿನ ದೀಪದ ಬಳಿ ತಾನಾಗಿಯೇ ಮುಗಿಯುತ್ತಿತ್ತು. ತಿದ್ದಬೇಕೆಂದು ಕೈ ತುರಿಸದ ವಸ್ತುಗಳನ್ನು ನಾನು ಕಂಡಿರುವುದು ಬಹಳ ಕಡಿಮೆ.

ಅದನ್ನು ನನಗೆ ತೋರಿಸಿದವರು ಮಲ್ಲತ್ತಹಳ್ಳಿಯ ಒಬ್ಬರು. ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದವರು, ಮಿತಭಾಷಿ, ಸದಾ ಇಸ್ತ್ರಿ ಮಾಡಿದ ಅರ್ಧತೋಳಿನ ಅಂಗಿ. ಹಳೆಯ ಕಾರುಗಳ ಮೋಹಿಗಳ ಒಂದು ಚಿಕ್ಕ ಕೂಟವಿದೆ. ಭಾನುವಾರ ಬೆಳಗ್ಗೆ ಅವರೆಲ್ಲ ಕೆಂಗೇರಿಯಿಂದಾಚೆಯ ಹೋಟೆಲೊಂದರ ಮುಂದೆ ಕಾರುಗಳನ್ನು ಸಾಲಾಗಿ ನಿಲ್ಲಿಸಿ, ಬಾನೆಟ್ಟುಗಳನ್ನು ಎತ್ತಿಟ್ಟು, ಇಡ್ಲಿ ತಿನ್ನುತ್ತ ಪರಸ್ಪರರ ಎಂಜಿನ್ನುಗಳ ತಪ್ಪು ಹುಡುಕುತ್ತಾರೆ. ತಂದೆಯ ಕಾಲದ ಸಣ್ಣ ಕಾರನ್ನು ಓಡಿಸಿಕೊಂಡು ನಾನೂ ಅಲ್ಲಿಗೆ ಹೋಗುತ್ತಿದ್ದೆ. ತಪ್ಪು ಹುಡುಕುವುದು ನನಗೆ ಹೊಸದೇನಲ್ಲ.

ಮಲ್ಲತ್ತಹಳ್ಳಿಯವರ ಬಳಿ ಅದೇ ಮಾದರಿಯ ಕೂಪೆಯೊಂದು ಆಗಲೇ ಇತ್ತು. ಬಿನ್ನಿಪೇಟೆಯ ಕಾರನ್ನು ಮೊದಲು ಪತ್ತೆ ಮಾಡಿದವರೂ ಅವರೇ. ಹಾಗಿದ್ದರೆ ಅದನ್ನು ಅವರೇ ಏಕೆ ಕೊಳ್ಳಲಿಲ್ಲ? ನಾನು ಕೇಳಿಯೇ ಬಿಟ್ಟೆ.

"ಒಂದು ಸಾಕೋದಕ್ಕೇ ಮನೇಲಿ ದಿನಾ ಅರ್ಚನೆ ಆಗ್ತಿದೆ ಮೇಡಂ. ಎರಡನೇದು ತಂದ್ರೆ ನಾನೇ ಟಾರ್ಪಾಲ್ ಕೆಳಗೆ ಮಲಗ್ಬೇಕು," ಎಂದರು.

ಉತ್ತರ ಚೆನ್ನಾಗಿತ್ತು. ಮೊದಲೇ ಸಿದ್ಧಪಡಿಸಿಟ್ಟುಕೊಂಡ ಉತ್ತರದಂತೆಯೂ ಇತ್ತು.

ಹಳೆಯ ಕಾರು ಕೊಳ್ಳುವಾಗ ಅಯಸ್ಕಾಂತವನ್ನು ಕರವಸ್ತ್ರದಲ್ಲಿ ಸುತ್ತಿ ಕಾರಿನ ಮೈಮೇಲೆಲ್ಲ ಆಡಿಸುವುದು ನಮ್ಮವರ ಪದ್ಧತಿ. ತಗಡಿರುವಲ್ಲಿ ಅದು ಅಂಟುತ್ತದೆ. ಬಣ್ಣದ ಕೆಳಗೆ ಪುಟ್ಟಿ ಮೆತ್ತಿದ್ದರೆ ಜಾರುತ್ತದೆ. ನಾನು ನಾಲ್ಕೂ ದಿಕ್ಕಿನಿಂದ ಸಾವಕಾಶವಾಗಿ ಆಡಿಸಿದೆ. ಮಾರುತ್ತಿದ್ದ ಮನೆಯವರಿಗೆ ಬೇಸರವಾಯಿತು.

"ನಮ್ಮ ಮಾತಲ್ಲಿ ನಂಬಿಕೆ ಇಲ್ವಾ ಮೇಡಂ?"

"ನಂಬಿಕೆ ಇದೆ. ಅಯಸ್ಕಾಂತಾನೂ ಇದೆ," ಎಂದೆ.

ಎಲ್ಲಿಯೂ ಜಾರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಮುಂಗಾಜು ಅಸಲಿಯಾಗಿತ್ತು. ಬಾಗಿಬಳುಕಿದ ಆ ದೊಡ್ಡ ಗಾಜಿಗೆ ಈ ಊರಿನಲ್ಲಿ ಪರ್ಯಾಯವಿಲ್ಲ. ಇಲ್ಲಿ ಬಾಗಿಸಿಕೊಡುತ್ತಾರೆ, ನಿಜ. ಆದರೆ ಅದರ ಮೂಲಕ ನೋಡಿದರೆ ರಸ್ತೆ ನೀರಿನೊಳಗಿಂದ ಕಂಡಂತೆ ಅಲೆಯಾಡುತ್ತದೆ. ಅಸಲಿ ಗಾಜು ಹೋದರೆ ಕಾರು ಓಡಬಹುದು, ಪೂರ್ಣವಾಗದು. ಮಲ್ಲತ್ತಹಳ್ಳಿಯವರ ಕಾರಿಗೆ ಆಗಿದ್ದುದೇ ಅದು. ಅವರು ಕೊಳ್ಳುವಾಗಲೇ ಅಸಲಿ ಗಾಜು ಇರಲಿಲ್ಲ. ಇಲ್ಲಿ ಮಾಡಿಸಿದ್ದೊಂದು ಕೆಳಗಿನ ಎಡಮೂಲೆಯಿಂದ ಬಿರುಕು ಬಿಟ್ಟಿತು. ಇನ್ನೊಂದನ್ನು ಮಾಡಿಸಿದರು, ಅದೂ ಅದೇ ಮೂಲೆಯಿಂದ ಬಿಟ್ಟಿತು. ಲೋಕಲ್ ಗಾಜಿನ ಹಣೆಬರಹವೇ ಅಷ್ಟು, ಅಸಲಿಯೇ ಸಿಗಬೇಕು ಎಂದು ಕೂಟ ತೀರ್ಪು ಕೊಟ್ಟಿತು. ನಮಗೆಲ್ಲ ಗೊತ್ತಿದ್ದ ಅಸಲಿ ಗಾಜು ಒಂದೇ, ಅದು ನನ್ನದು.

ಬಣ್ಣ ಹೊಡೆಸಬೇಕಾಗಿದ್ದರಿಂದ ಅದನ್ನು ಬಿಡಿಸಬೇಕಾಯಿತು. ಗೋವಿಂದರಾಜನಗರದಲ್ಲಿ, ಮಾಗಡಿ ರಸ್ತೆಗೆ ಸಮೀಪದ ಒಂದು ಷೆಡ್ಡನ್ನು ಕೂಟದ ಕೆಲವರು ಸೇರಿ ಬಾಡಿಗೆಗೆ ಹಿಡಿದಿದ್ದೇವೆ. ತಗಡು ಮತ್ತು ಬಣ್ಣದ ಕೆಲಸಕ್ಕೆ ಒಬ್ಬ ಮೇಸ್ತ್ರಿ ಇದ್ದಾರೆ. ಬೀಗದ ಕೈ ಎಲ್ಲರ ಬಳಿಯೂ ಒಂದೊಂದು. ಯಾರ ಸ್ಪ್ಯಾನರನ್ನಾದರೂ ಕೇಳದೆ ತೆಗೆದುಕೊಳ್ಳಬಹುದು. ಯಾರ ಕಾರಿನ ಭಾಗವನ್ನೂ ಕೇಳದೆ ಮುಟ್ಟಬಾರದು. ಅಲ್ಲಿರುವ ನಿಯಮ ಅದೊಂದೇ. ನಾನು ಗಾಜನ್ನು ಹಳೆಯ ಹತ್ತಿಯ ಹೊದಿಕೆಯಲ್ಲಿ ಅಂಚುಗಳು ಒಳಗೆ ಬರುವಂತೆ ಸುತ್ತಿ, ಮರದ ಚೌಕಟ್ಟಿಗೆ ಒರಗಿಸಿಟ್ಟೆ.

ಮರುದಿನವೇ ಮಲ್ಲತ್ತಹಳ್ಳಿಯವರು ಹೇಳಿದರು, "ಇಲ್ಲಿ ಧೂಳು ಜಾಸ್ತಿ ಮೇಡಂ. ಗ್ಲಾಸ್ ನಮ್ಮನೇಲಿ ಇಡೋಣ್ವಾ? ಮೇಲಿನ ರೂಮ್ ಖಾಲಿ ಇದೆ."

"ಬೇಡಿ. ಧೂಳು ಒರೆಸಿದ್ರೆ ಹೋಗತ್ತೆ."

ಪಕ್ಕದಲ್ಲಿದ್ದವರು ವಿಜಯನಗರದ ಬಟ್ಟೆ ವ್ಯಾಪಾರಿ, ಕೂಟದಲ್ಲಿ ಬಾಯಿ ಜೋರಿನವರು. "ಜಾತಕ ಕೇಳ್ತಿದಾರೆ ಮೇಡಂ, ಕೊಟ್ಬಿಡಿ. ವರ ಒಳ್ಳೆಯವನು, ಸ್ವಲ್ಪ ಬಿರುಕು ಬಿಟ್ಟಿದಾನೆ ಅಷ್ಟೇ," ಎಂದು ನಕ್ಕರು. ಮಲ್ಲತ್ತಹಳ್ಳಿಯವರು ನಗಲಿಲ್ಲ.

ಒಂದು ಸಂಜೆ ನಾನು ಹೇಳದೆ ಷೆಡ್ಡಿಗೆ ಹೋದೆ. ಹೊದಿಕೆ ಕೆಳಗೆ ಬಿದ್ದಿತ್ತು. ಗಾಜಿನ ಮೇಲೆ ವೃತ್ತಪತ್ರಿಕೆಯ ಹಾಳೆಗಳನ್ನು ಅಂಟಿಸಿ ಮಲ್ಲತ್ತಹಳ್ಳಿಯವರು ಪೆನ್ಸಿಲಿನಿಂದ ಅಂಚನ್ನು ಗುರುತು ಹಾಕಿಕೊಳ್ಳುತ್ತಿದ್ದರು.

"ಏನ್ ಮಾಡ್ತಿದೀರಿ?"

"ಅಳತೆ ಮೇಡಂ. ಆಕಾರ ಸರಿಯಾಗಿ ಹೇಗಿದೆ ಅಂತ."

"ನನ್ನನ್ನ ಕೇಳಬಹುದಿತ್ತು."

"ಕೇಳ್ಬೇಕಿತ್ತು, ತಪ್ಪಾಯ್ತು," ಎಂದು ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು.

ತಕ್ಷಣ ಒಪ್ಪಿಕೊಂಡದ್ದು ನನಗೆ ಹಿಡಿಸಲಿಲ್ಲ. ಪರೀಕ್ಷಾ ಕೊಠಡಿಗಳಲ್ಲಿ ಬಹುಕಾಲ ನಿಂತವಳು ನಾನು. ಮೊದಲ ಚೀಟಿಯನ್ನು ಮರುಮಾತಿಲ್ಲದೆ ಒಪ್ಪಿಸುವ ಹುಡುಗನ ಬಳಿ ಎರಡನೆಯ ಚೀಟಿ ಇರುತ್ತದೆ. ಆ ರಾತ್ರಿ ನನ್ನ ಯೋಚನೆ ಹೀಗೆ ಸಾಗಿತು: ಈ ಅಳತೆಗೆ ನಕಲು ಗಾಜೊಂದನ್ನು ಮಾಡಿಸಬಹುದು. ಅಸಲಿಯ ಮೂಲೆಯಲ್ಲಿರುವ ತಯಾರಕರ ಗುರುತನ್ನು ಹಾಗೆಯೇ ಕೆತ್ತಿಕೊಡುವವರೂ ಸಿಗುತ್ತಾರೆ. ನನ್ನ ಹೊದಿಕೆಯೊಳಗೆ ನಕಲು, ಅವರ ಕಾರಿನಲ್ಲಿ ಅಸಲಿ. ಕಾರನ್ನು ನನ್ನಿಂದ ಕೊಳ್ಳಿಸಿದ್ದೂ ಇದಕ್ಕೇ ಇರಬಹುದು. ಸಾಕುವ ಖರ್ಚು ನನಗೆ, ಬೇಕಾದ ಭಾಗ ಅವರ ಕೈಗೆಟಕುವಲ್ಲಿ.

ಮರುದಿನ ಜೀವನದಲ್ಲಿ ಮೊದಲ ಬಾರಿಗೆ ಉಗುರುಬಣ್ಣದ ಸೀಸೆಯೊಂದನ್ನು ಕೊಂಡೆ. ಕಾರಿಗೆ ಕೂರಿಸಿದಾಗ ಸುತ್ತಲಿನ ರಬ್ಬರಿನೊಳಗೆ ಮುಚ್ಚಿಹೋಗುವ ಗಾಜಿನ ಅಂಚಿನಲ್ಲಿ ಸಾಸಿವೆಯಷ್ಟು ಕೆಂಪು ಚುಕ್ಕೆ ಇಟ್ಟೆ. ಯಾರಿಗೂ ಹೇಳಲಿಲ್ಲ. ಅನಂತರ ಷೆಡ್ಡಿಗೆ ಹೋದಾಗಲೆಲ್ಲ ಮೊದಲು ನೋಡುತ್ತಿದ್ದುದು ಆ ಚುಕ್ಕೆಯನ್ನು, ಆಮೇಲೆ ಕಾರನ್ನು.

ಕಾರಿಗೆ ದಂತವರ್ಣದ ಬಣ್ಣ ಬಂತು, ಒಣಗಿತು. ಗಾಜು ಕೂರಿಸುವ ದಿನ ಗೊತ್ತಾಯಿತು. ಅದರ ಹಿಂದಿನ ದಿನ ಕೆಂಗೇರಿಯಲ್ಲಿ ಅಕ್ಕನ ಮಗಳ ಮದುವೆ. ಅಲ್ಲಿಯೇ ಉಳಿದು, ಬೆಳಗ್ಗೆ ನೇರವಾಗಿ ಷೆಡ್ಡಿಗೆ ಬಂದೆ. ಮೇಸ್ತ್ರಿ, ಬಟ್ಟೆ ವ್ಯಾಪಾರಿ, ಮಲ್ಲತ್ತಹಳ್ಳಿಯವರು ಮೂವರೂ ಆಗಲೇ ಬಂದಿದ್ದರು. ಹೊದಿಕೆಯ ಅಂಚುಗಳು ಹೊರಗಿದ್ದವು. ನಾನು ಅದನ್ನು ಬಿಚ್ಚಿ ಅಂಚನ್ನು ನೋಡಿದೆ. ಚುಕ್ಕೆ ಇರಲಿಲ್ಲ.

"ಇದು ನನ್ನ ಗ್ಲಾಸ್ ಅಲ್ಲ," ಎಂದೆ.

ಬಟ್ಟೆ ವ್ಯಾಪಾರಿ ಕಾಫಿಯ ಲೋಟ ಕೆಳಗಿಟ್ಟರು. "ಏನ್ ಮೇಡಂ ಹಂಗಂದ್ರೆ?"

ನಾನು ಚುಕ್ಕೆಯ ವಿಷಯ ಹೇಳಿದೆ. ಹೇಳುವಾಗ ಮಲ್ಲತ್ತಹಳ್ಳಿಯವರನ್ನೇ ನೋಡುತ್ತಿದ್ದೆ.

"ನೇಲ್ ಪಾಲಿಶಾ?" ಎಂದರು ವ್ಯಾಪಾರಿ. "ನಮ್ಮನ್ನೆಲ್ಲ ಏನು ಅಂದ್ಕೊಂಡಿದೀರಾ ನೀವು?"

"ಗ್ಲಾಸ್ ನಿಮ್ದೇ ಮೇಡಂ," ಎಂದರು ಮಲ್ಲತ್ತಹಳ್ಳಿಯವರು. "ಚುಕ್ಕೆ ನಾನೇ ಒರೆಸ್ದೆ. ಬಣ್ಣ ಸಿಡಿದಿದೆ ಅಂದ್ಕೊಂಡು ತಿನ್ನರ್ ಹಾಕಿ ಒರೆಸ್ಬಿಟ್ಟೆ."

"ಮುಟ್ಟಿದ್ದು ಯಾಕೆ?"

ಅವರು ಮೇಸ್ತ್ರಿಯ ಕಡೆ ನೋಡಿದರು. ಮೇಸ್ತ್ರಿ ನೆಲ ನೋಡುತ್ತಿದ್ದರು. ಅವರಿಗೂ ಗೊತ್ತು ಎಂಬುದು ನನಗಾಗ ತಿಳಿಯಿತು.

"ನಿನ್ನೆ ನನ್ನ ಕಾರ್ ಇಲ್ಲಿಗೆ ತಂದಿದ್ದೆ. ಒಡೆದಿರೋದನ್ನ ಬಿಚ್ಚಿ, ನಿಮ್ದನ್ನ ಆ ಜಾಗಕ್ಕೆ ಇಟ್ಟು ನೋಡ್ದೆ. ಮೇಸ್ತ್ರಿ ಬೇಡ ಅಂದ್ರು. ನಾನೇ ಬಲವಂತ ಮಾಡಿ ಹಿಡಿಸ್ದೆ. ಪೇಪರ್ ಅಳತೇಲಿ ಗೊತ್ತಾಗ್ಲಿಲ್ಲ ಮೇಡಂ, ಬಾಗು ಪೇಪರಲ್ಲಿ ಬರಲ್ಲ."

"ಒಡೆದುಹೋಗಿದ್ರೆ?"

"ಒಡೆದಿದ್ರೆ ಇವತ್ತು ಇಲ್ಲಿ ನಿಂತಿರ್ತಿರ್ಲಿಲ್ಲ."

"ಇಟ್ಟು ನೋಡಿ ಏನು ಸಿಕ್ತು ನಿಮಗೆ?"

"ಎಡಮೂಲೆ ಕೂರ್ಲಿಲ್ಲ. ಬೆರಳು ತೂರೋಷ್ಟು ಗ್ಯಾಪ್. ಅಸಲಿ ಗ್ಲಾಸೇ ಕೂರಲ್ಲ ಅಂದ್ರೆ ಗ್ಲಾಸ್ ತಪ್ಪಲ್ಲ. ನಾನು ತಗೊಳ್ಳೋಕೆ ಮುಂಚೆನೇ ಎಲ್ಲೋ ಗುದ್ದಿದಾರೆ, ಚೌಕಟ್ಟೇ ಸೊಟ್ಟ ಆಗಿದೆ. ಎಷ್ಟು ಗ್ಲಾಸ್ ಹಾಕಿದ್ರೂ ಒಡೆಯತ್ತೆ." ಅಂಗಿಯ ತುದಿಯಿಂದ ಕನ್ನಡಕ ಒರೆಸಿಕೊಂಡರು. "ಕೇಳಿದ್ರೆ ಕೊಡ್ತಿದ್ರಾ ಮೇಡಂ?"

"ಇಲ್ಲ."

"ಅದಕ್ಕೇ ಕೇಳ್ಲಿಲ್ಲ."

ಮಾತು ಒಂದಕ್ಕೊಂದು ಹೊಂದುತ್ತಿತ್ತು. ಹೊಂದುವ ಮಾತೆಲ್ಲ ನಿಜವಾಗಬೇಕಿಲ್ಲ. ನಾನು ಗಾಜನ್ನು ನಿಲ್ಲಿಸಿ ಹಿಡಿಯುವಂತೆ ಮೇಸ್ತ್ರಿಗೆ ಹೇಳಿ, ಅದರ ಹಿಂದೆ ಕುಳಿತು ಷೆಡ್ಡಿನ ಷಟರಿನ ಅಡ್ಡಗೆರೆಗಳನ್ನು ನೋಡಿದೆ. ತಲೆಯನ್ನು ಎಡಕ್ಕೆ ಸರಿಸಿದೆ, ಬಲಕ್ಕೆ ಸರಿಸಿದೆ. ಗೆರೆಗಳು ಎಲ್ಲಿಯೂ ಅಲೆಯಾಡಲಿಲ್ಲ. ಗಾಜು ನನ್ನದೇ ಆಗಿತ್ತು. ಆದರೆ ಅದನ್ನು ಕೇಳದೆ ಎತ್ತಿ ಬೇರೊಂದು ಕಾರಿನ ಸೊಟ್ಟ ಚೌಕಟ್ಟಿಗೆ ಒತ್ತಿ ನೋಡಿದ ಮನುಷ್ಯ ನನ್ನೆದುರು ನಿಂತಿದ್ದರು. ಇನ್ನು ಸ್ವಲ್ಪ ಹೊತ್ತಿನಲ್ಲಿ ಅದನ್ನು ಕೂರಿಸಬೇಕಾಗಿದ್ದವರೂ ಅವರೇ.

ಕೂರಿಸುವ ಕ್ರಮ ಹೀಗೆ. ಗಾಜಿನ ಸುತ್ತ ರಬ್ಬರು ತೊಡಿಸಿ, ಸಲೀಸಾಗಿ ಜಾರಲೆಂದು ಸೋಪಿನ ನೀರು ಹಚ್ಚಿ, ಅದರ ಸೀಳಿನೊಳಗೆ ಸಣ್ಣ ನೈಲಾನ್ ಹಗ್ಗವೊಂದನ್ನು ಸುತ್ತಲೂ ಹುದುಗಿಸುತ್ತಾರೆ. ಹಗ್ಗದ ಎರಡು ತುದಿಗಳು ಕಾರಿನೊಳಗೆ ಇಳಿಬಿದ್ದಿರುತ್ತವೆ. ಹೊರಗಿನವರು ಅಂಗೈಯಿಂದ ಗಾಜನ್ನು ಒತ್ತುತ್ತಾರೆ. ಒಳಗೆ ಕುಳಿತವರು ಹಗ್ಗವನ್ನು ಮೆಲ್ಲನೆ ಎಳೆಯುತ್ತಾರೆ. ಎಳೆದಂತೆಲ್ಲ ರಬ್ಬರಿನ ತುಟಿ ತಗಡಿನ ಅಂಚನ್ನು ಹತ್ತಿ ಕೂರುತ್ತದೆ. ಒತ್ತುವವರು ಮುಂದಾದರೂ ಎಳೆಯುವವರು ಮುಂದಾದರೂ ಮೂಲೆ ಚಟ್ಟೆನ್ನುತ್ತದೆ. ನಮ್ಮಲ್ಲಿ ಈ ಕೆಲಸ ಮಾಡಿ ಅಭ್ಯಾಸವಿದ್ದವರು ಮಲ್ಲತ್ತಹಳ್ಳಿಯವರೊಬ್ಬರೇ. ಅವರು ಕೂರಿಸಿದ ಎರಡು ಗಾಜುಗಳೂ ಒಡೆದಿದ್ದವು ಎಂಬುದೂ ನಿಜ.

"ನೀವೇ ಎಳೀರಿ ಮೇಡಂ," ಎಂದರು ಅವರು. "ನಾನು ಮುಟ್ಟಲ್ಲ. ಹೊರಗೆ ನಿಂತು ಹೇಳ್ತೀನಿ."

ಒಡೆದರೆ ಅದು ನನ್ನ ಕೈಯಿಂದಲೇ ಒಡೆಯಲಿ ಎಂದೋ? ಹಾಗೊಂದು ಯೋಚನೆ ಬಂದುಹೋಯಿತು. ತನ್ನ ಕಾರು ಎಂದಿಗೂ ಸರಿಯಾಗದೆಂದು ನಿನ್ನೆಯಷ್ಟೇ ತಿಳಿದವನು, ಇನ್ನೊಬ್ಬರದು ಸರಿಯಾಗಲೆಂದು ಬಯಸುತ್ತಾನೆಯೇ? ಆದರೂ ನಾನು ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಕುಳಿತೆ. ಮೇಸ್ತ್ರಿಯೂ ವ್ಯಾಪಾರಿಯೂ ಹೊರಗಿನಿಂದ ಅಂಗೈ ಒತ್ತಿದರು. ಮಲ್ಲತ್ತಹಳ್ಳಿಯವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಎಡಮೂಲೆಯ ಬಳಿ ನಿಂತರು.

"ಮೆಲ್ಲಗೆ. ಬಲಗಡೆ ತುದಿ ಮೊದಲು. ಹೂಂ. ಈಗ ಈ ಕಡೆದು."

ಮೇಲಂಚು ಕೂತಿತು, ಬಲಭಾಗ ಕೂತಿತು. ಕೆಳಗಿನ ಎಡಮೂಲೆಗೆ ಬಂದಾಗ ಹಗ್ಗ ಬಿಗಿಯಾಗಿ ನಿಂತುಬಿಟ್ಟಿತು. ಗಾಜಿನಲ್ಲಿ ಸಣ್ಣದೊಂದು ನರಳಿಕೆ ಕೇಳಿಸಿತು.

"ನಿಲ್ಸಿ," ಎಂದರು ಅವರು.

"ಎಳೀರಿ ಮೇಡಂ, ಇನ್ನೊಂಚೂರು ಅಷ್ಟೇ, ಬಂದ್ಬಿಡತ್ತೆ," ಎಂದರು ವ್ಯಾಪಾರಿ.

ನಾನು ಗಾಜಿನ ಮೂಲಕ ಮಲ್ಲತ್ತಹಳ್ಳಿಯವರನ್ನು ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ಮೂಲೆಯನ್ನೇ ನೋಡುತ್ತಿದ್ದರು. ಬೆನ್ನ ಹಿಂದಿದ್ದ ಕೈಗಳು ಕಾಣುತ್ತಿರಲಿಲ್ಲ, ಆದರೆ ಮೊಣಕೈಗಳು ಹಗ್ಗ ತಮ್ಮ ಕೈಯಲ್ಲೇ ಇದ್ದಂತೆ ಬಿಗಿದಿದ್ದವು. ನಟಿಸುವವರ ಮುಖ ಕೆಲಸ ಮಾಡುತ್ತದೆ, ಮೊಣಕೈಗಳು ಮರೆತುಹೋಗುತ್ತವೆ. ನಾನು ಎಳೆಯುವುದನ್ನು ನಿಲ್ಲಿಸಿದೆ.

"ತುಟಿ ಒಳಗೆ ಮಡಚ್ಕೊಂಡಿದೆ. ಹಗ್ಗ ಸಡಿಲ ಬಿಡಿ. ಮೇಸ್ತ್ರಿ, ಮರದ ಕಡ್ಡೀಲಿ ಎತ್ತಿ. ಕಬ್ಬಿಣದ್ದು ಬೇಡ."

ಮೇಸ್ತ್ರಿ ಎತ್ತಿದರು. ಮಡಿಕೆ ಬಿಚ್ಚಿಕೊಂಡಿತು. "ಈಗ," ಎಂದರು. ಎಳೆದೆ. ರಬ್ಬರು ತಗಡನ್ನು ಕಚ್ಚಿಕೊಂಡಿತು, ಹಗ್ಗ ಪೂರ್ತಿಯಾಗಿ ನನ್ನ ಮಡಿಲಿಗೆ ಬಂದು ಬಿತ್ತು. ಗಾಜು ಕೂತಿತ್ತು.

ವ್ಯಾಪಾರಿ ಹಣೆ ಒರೆಸಿಕೊಂಡು ಹೊರಗೆ ಹೋದರು. ಮೇಸ್ತ್ರಿ ಸೋಪಿನ ನೀರನ್ನು ಒರೆಸತೊಡಗಿದರು. ಮಲ್ಲತ್ತಹಳ್ಳಿಯವರು ಮಾತ್ರ ಅಲ್ಲಿಯೇ ನಿಂತಿದ್ದರು.

"ಮೇಡಂ, ಆ ಮೂಲೆ ಒಂದ್ಸಲ ಮುಟ್ಲಾ?"

"ಮುಟ್ಟಿ," ಎಂದೆ.

ಅವರು ಬೆನ್ನ ಹಿಂದಿನಿಂದ ಒಂದು ಕೈ ತೆಗೆದು, ಬೆರಳನ್ನು ಕೆಳಗಿನ ಎಡಮೂಲೆಯ ಮೇಲೆ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಸರಿಸಿದರು. ತೂರಿಸಲು ಸಂದಿಯಿರಲಿಲ್ಲ. ಬೆರಳು ಅಲ್ಲಿ ಬೇಕಾದುದಕ್ಕಿಂತ ಹೆಚ್ಚು ಹೊತ್ತು ನಿಂತಿತು. ನಾನು ಕಾರಿನಿಂದ ಇಳಿಯಲಿಲ್ಲ. ಒಳಗೆ ಕುಳಿತು, ಅವರು ಆ ಬೆರಳನ್ನು ಹಿಂದಕ್ಕೆ ತೆಗೆದುಕೊಳ್ಳುವವರೆಗೂ ಅದನ್ನೇ ನೋಡುತ್ತಿದ್ದೆ.