ಉಪ್ಪು ಹಾಕುವ ಕೈ

ನಮ್ಮ ಅಡುಗೆ ತಂಡದಲ್ಲಿ ಉಪ್ಪು ಹಾಕುವವನು ಒಬ್ಬನೇ. ತರಕಾರಿಯನ್ನು ಯಾರು ಬೇಕಾದರೂ ಹೆಚ್ಚಬಹುದು, ಒಗ್ಗರಣೆಯನ್ನು ಯಾರು ಬೇಕಾದರೂ ಕೊಡಬಹುದು, ಉಪ್ಪಿನ ಡಬ್ಬಿಯನ್ನು ಮಾತ್ರ ಇನ್ನೊಬ್ಬರು ಮುಟ್ಟುವಂತಿಲ್ಲ. ಮದುವೆ, ಉಪನಯನ, ಗೃಹಪ್ರವೇಶ ಯಾವುದೇ ಇರಲಿ, ದೇವರಿಗೆ ನೈವೇದ್ಯ ಆಗುವವರೆಗೆ ಅಡುಗೆಯವರು ಒಂದು ಹನಿಯನ್ನೂ ಬಾಯಿಗೆ ಹಾಕುವುದಿಲ್ಲ. ರುಚಿ ನೋಡದೆಯೇ ಊರಿಗೆಲ್ಲ ಸಾಕಾಗುವಷ್ಟು ಹುಳಿ ಮಾಡಬೇಕು. ಇಬ್ಬರು ಉಪ್ಪು ಹಾಕಿದರೆ ಕೆಟ್ಟಿತು, ಯಾರೂ ಹಾಕದಿದ್ದರೂ ಕೆಟ್ಟಿತು. ಹಾಗಾಗಿ ಉಪ್ಪು ಯಾರ ಕೈಯಲ್ಲಿದೆಯೋ ಅವನೇ ತಂಡಕ್ಕೆ ಯಜಮಾನ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಛತ್ರಗಳಲ್ಲಿ ಬಹಳ ವರ್ಷಗಳಿಂದ ಆ ಕೈ ನನ್ನದು.

ಒಲೆಯ ಮುಂದೆ ನಿಂತರೆ ಸುಸ್ತಾಗುತ್ತದೆ, ನಿಜ. ಮಲಗಿ ಎದ್ದರೆ ಅದು ಹೋಗುತ್ತದೆ. ಹೋಗದೇ ಉಳಿಯುವ ಸುಸ್ತು ಜನರದು. ಜೀಪಿನ ಮುಂದಿನ ಸೀಟಿನಲ್ಲಿ ಅವನೇ ಯಾಕೆ ಕೂರಬೇಕು, ಮನೆಗೆ ಕಟ್ಟಿಕೊಟ್ಟ ಹೋಳಿಗೆಯಲ್ಲಿ ಅವಳ ಪೊಟ್ಟಣ ಯಾಕೆ ದಪ್ಪ, ಹೋದ ವಾರದ ಕೆಲಸಕ್ಕೆ ನನ್ನನ್ನು ಯಾಕೆ ಕರೆಯಲಿಲ್ಲ, ಅದನ್ನು ಬೇರೆಯವರ ಸ್ಟೇಟಸ್ ನೋಡಿ ನಾನು ತಿಳಿಯಬೇಕಾ? ಇಂಥದ್ದನ್ನೆಲ್ಲ ಬಗೆಹರಿಸಿ ಬಗೆಹರಿಸಿ ನನಗೆ ಸಾಕುಸಾಕಾಗಿದೆ. ನ್ಯಾಯ ಹೇಳುವ ಹೊತ್ತಿನಲ್ಲಿ ಎರಡು ಕೊಪ್ಪರಿಗೆ ಪಾಯಸ ಮಾಡಿಬಿಡಬಹುದು.

ಕಳೆದ ಮದುವೆ ಸೀಸನ್ನಿನ ಹೊತ್ತಿಗೆ ನನ್ನ ಮಂಡಿ ಪೂರ್ತಿ ಕೈಕೊಟ್ಟಿತು. ಇನ್ನು ಉಪ್ಪನ್ನು ಯಾರಿಗಾದರೂ ಒಪ್ಪಿಸಿ ಮನೆಯಲ್ಲಿ ಕೂರುತ್ತೇನೆ ಎಂದು ತಂಡದ ಎದುರೇ ಹೇಳಿದೆ. ಒಪ್ಪಿಸಬಹುದಾದವರು ಇಬ್ಬರಿದ್ದರು. ಒಬ್ಬ ನರಸಿಂಹರಾಜಪುರದವನು, ಸಾರು, ಹುಳಿ ಎಲ್ಲ ಅವನದೇ. ಮಾತು ಕಡಿಮೆ, ಮುಖ ಯಾವಾಗಲೂ ಗಂಟು. ಇನ್ನೊಬ್ಬ ಬಸರೀಕಟ್ಟೆ ಕಡೆಯವನು, ಸಿಹಿ ಅಡುಗೆ ಅವನದು. ಅವನು ಬಂದ ಅಂದರೆ ಅಡುಗೆಮನೆ ತುಂಬ ನಗು. ನಾನು ಯಾರ ಹೆಸರನ್ನೂ ಹೇಳಲಿಲ್ಲ. ಅವರೇ ಮಾತಾಡಿಕೊಂಡು ಒಂದು ತೀರ್ಮಾನಕ್ಕೆ ಬರಲಿ, ತಾವೇ ಒಪ್ಪಿದ ಯಜಮಾನನ ಮಾತನ್ನು ಜನ ಕೇಳುತ್ತಾರೆ ಎಂಬುದು ನನ್ನ ಲೆಕ್ಕಾಚಾರ.

ಅಲ್ಲಿಂದ ಶುರುವಾಯಿತು ನೋಡಿ. ಬಡಿಸುವ ಹುಡುಗರೆಲ್ಲ ಸಿಹಿಯವನ ಕಡೆ, ಹೆಚ್ಚುವವರು, ಅರೆಯುವವರು ಹುಳಿಯವನ ಕಡೆ. ಒಬ್ಬರು ಬಳಸಿದ ಸೌಟನ್ನು ಇನ್ನೊಬ್ಬರು ತೊಳೆಯುವುದಿಲ್ಲ. ಸಿಹಿಯವನು ಎಲ್ಲರನ್ನೂ ಒಂದು ಮಾಡುತ್ತೇನೆಂದು ಕೊಪ್ಪದಲ್ಲಿ ‘ನಾವೆಲ್ಲ ಒಂದೇ’ ಎಂದು ಅಚ್ಚು ಹಾಕಿಸಿದ ಟೀ ಶರ್ಟು ತಂದ. ಅವನ ಕಡೆಯವರು ಹಾಕಿಕೊಂಡರು. ಈ ಕಡೆಯವರು ಅದನ್ನು ಮಡಚಿ ಬಿಸಿ ಪಾತ್ರೆ ಇಳಿಸುವ ಹಿಡಿಬಟ್ಟೆ ಮಾಡಿಕೊಂಡರು. ನಗು ಬಂತು, ಆದರೆ ನಗುವಷ್ಟು ತ್ರಾಣ ಇರಲಿಲ್ಲ.

ಇಬ್ಬರೂ ಉಪ್ಪಿಗಾಗಿ ಕಾದಾಡುತ್ತಿದ್ದಾರೆ ಎಂದೇ ನಾನು ತಿಳಿದಿದ್ದೆ. ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಇತ್ತು. ಜಗಳ ಮಾಡುವಷ್ಟು ಬೆಲೆ ನಾನು ಕೂತ ಜಾಗಕ್ಕೆ ಇದೆಯಲ್ಲ ಎಂದು.

ಶೃಂಗೇರಿಯಲ್ಲಿ ಒಂದು ಉಪನಯನ. ಆ ದಿನ ಬೆಳಿಗ್ಗೆ ಉಪ್ಪಿನ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, “ಇವತ್ತು ನೀವೇ ನೋಡ್ಕೊಳ್ಳಿ” ಎಂದು ಇಬ್ಬರಿಗೂ ಕೇಳುವಂತೆ ಹೇಳಿ, ಹೊರಗೆ ಕೈತೊಳೆಯುವ ನಲ್ಲಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತೆ. ಒಳಗಿಂದ ಪಾತ್ರೆಗಳ ಸದ್ದು ಬಿಟ್ಟರೆ ಒಂದು ಮಾತೂ ಕೇಳಲಿಲ್ಲ. ನೈವೇದ್ಯ ಆಯಿತು. ಎಲೆ ಹಾಕಿದರು, ಮೊದಲ ಪಂಕ್ತಿ ಕೂತಿತು. ನಾನು ಕಣ್ಣು ಮುಚ್ಚಿ ಕಾಲು ಚಾಚಿದೆ. ಆಹಾ, ಎಷ್ಟು ವರ್ಷವಾಗಿತ್ತು ಹಾಗೆ ಕೂತು!

ಬಡಿಸುವವನೊಬ್ಬ ಓಡಿಬಂದ. “ಭಟ್ರೆ, ಉಪ್ಪು ಎಲ್ಲಿದೆ? ಮನೆಯವ್ರು ಕೊಟ್ಟ ಬಡಿಸೋ ಬಟ್ಟಲು ಖಾಲಿ. ಎಲ್ರೂ ಮತ್ತೆ ಮತ್ತೆ ಕೇಳ್ತಿದಾರೆ.”

ಎಲೆಯ ತುದಿಯಲ್ಲಿ ಶಾಸ್ತ್ರಕ್ಕೆ ಬಡಿಸುವ ಚಿಟಿಕೆ ಉಪ್ಪನ್ನು ಸಾಮಾನ್ಯವಾಗಿ ಯಾರೂ ಮುಟ್ಟುವುದಿಲ್ಲ. ಹೋಗಿ ಇಣುಕಿದೆ. ಸಾಲುಸಾಲಾಗಿ ಜನ ಆ ಉಪ್ಪನ್ನು ಬೆರಳಲ್ಲಿ ಎಳೆದು ಅನ್ನಕ್ಕೆ ಕಲಸಿಕೊಳ್ಳುತ್ತಿದ್ದರು. ನಮ್ಮ ಕಡೆಯ ಜನ ಹಾಗೇ, ಉಣ್ಣುವಾಗ ಏನೂ ಹೇಳುವುದಿಲ್ಲ, ಮುಂದಿನ ಕೆಲಸಕ್ಕೆ ಮಾತ್ರ ಕರೆಯುವುದಿಲ್ಲ.

ಅಡುಗೆಮನೆಗೆ ಹೋದೆ. ಎರಡನೇ ಪಂಕ್ತಿಗೆ ಇಟ್ಟ ಹುಳಿ ಕೊಪ್ಪರಿಗೆಯಲ್ಲಿ ಕುದಿಯುತ್ತಿತ್ತು. ಉಪ್ಪಿನ ಡಬ್ಬಿ ನಾನು ಇಟ್ಟಲ್ಲೇ ಇತ್ತು, ಮುಚ್ಚಳ ಕೂಡ ತೆಗೆದಿರಲಿಲ್ಲ.

“ಯಾರೂ ಹಾಕ್ಲಿಲ್ವಾ?” ಎಂದೆ.

“ಅವನು ಹಾಕ್ತಾನೆ ಅಂತ ಮಾಡಿದ್ದೆ” ಎಂದ ಹುಳಿಯವನು.

“ಹುಳಿ ನಿಂದಲ್ವಾ ಮಾರಾಯ? ನಿಂಗೇ ಕೊಟ್ಟಿದಾರೆ ಅಂತ ನಾನು ಸುಮ್ನಿದ್ದೆ” ಎಂದ ಸಿಹಿಯವನು.

ಬಾಳಗಡಿಯಿಂದ ಬಂದು ತೆಂಗಿನಕಾಯಿ ಅರೆಯುವ ಹೆಂಗಸೊಬ್ಬರಿದ್ದಾರೆ, ನಾವೆಲ್ಲ ಅಕ್ಕ ಎನ್ನುತ್ತೇವೆ. ಅವರು ಗ್ರೈಂಡರ್ ನಿಲ್ಲಿಸಿದರು. “ಈಗ ನೈವೇದ್ಯ ಆಯ್ತಲ್ಲ, ರುಚಿ ನೋಡಿ ಹಾಕಿದ್ರೆ ಆಯ್ತಪ್ಪ. ಎರಡನೇ ಪಂಕ್ತಿಯವ್ರು ಕಾಯ್ತಿದಾರೆ” ಎಂದರು.

ರುಚಿ ನೋಡಿಯೇ ಹಾಕಬಹುದಿತ್ತು. ಆಗಲೂ ಇಬ್ಬರೂ ಅಲುಗಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. “ಎಂತ ನಿಮ್ಮ ಕಥೆ? ಯಜಮಾನಿಕೆ ಬೇಕು ಅಂತ ಇಷ್ಟು ದಿನ ಕಚ್ಚಾಡಿದ್ದು ಇದಕ್ಕೇನಾ?” ಎಂದು ಕೂಗಿದೆ.

ಹುಳಿಯವನು ಸೌಟನ್ನು ಕೆಳಗಿಟ್ಟ. “ಯಾರಿಗೆ ಬೇಕಿತ್ತು ಭಟ್ರೆ? ಅವನೇ ತಗೊಳ್ಳಲಿ ಅಂತ ನಾನು, ನಾನೇ ತಗೊಳ್ಳಲಿ ಅಂತ ಅವನು. ಜಗಳ ಆಗಿದ್ದು ಅದಕ್ಕೇ” ಎಂದ.

ಸಿಹಿಯವನು ಮೊದಲ ಸಲ ನಗದೆ ಮಾತಾಡಿದ. “ಉಪ್ಪು ಹಾಕೋದು ಎಂತ ದೊಡ್ಡದಲ್ಲ. ಹೆಚ್ಚುಕಮ್ಮಿ ಆದ್ರೆ ಹೊರಗಿನವರ ಎದುರು ನಿಲ್ಬೇಕಲ್ಲ. ನಿಮ್ಮನ್ನ ನೋಡಿದೀವಿ ಮಾರಾಯ್ರೆ. ಎಲ್ಲ ಪಂಕ್ತಿ ಏಳೋವರೆಗೆ ನಿಮಗೆ ಜೀವ ಕೈಯಲ್ಲಿ. ನಮ್ಮ ಜೊತೆ ಕೂತು ಒಂದು ದಿನ ನೆಟ್ಟಗೆ ಊಟ ಮಾಡಿದೀರಾ? ನಮಗೆ ಬೇಡ ಅದು.”

ಇಷ್ಟು ವರ್ಷ ಕಷ್ಟಪಟ್ಟು ಕಾಪಾಡಿಕೊಂಡು ಬಂದದ್ದನ್ನು ಪುಕ್ಕಟೆ ಕೊಡುತ್ತೇನೆಂದರೂ ಮುಟ್ಟುವವರಿಲ್ಲ. ನಾನೇ ಮುಚ್ಚಳ ತೆಗೆದು ಉಪ್ಪು ಹಾಕಿದೆ. ಎರಡನೇ ಪಂಕ್ತಿ ಚೆನ್ನಾಗಿಯೇ ಉಂಡಿತು. ಕೊಪ್ಪಕ್ಕೆ ವಾಪಸು ಬರುವಾಗ ಜೀಪಿನ ಮುಂದಿನ ಸೀಟಿಗೆ ಯಾರೂ ತಕರಾರು ತೆಗೆಯಲಿಲ್ಲ.

ತಂಡವನ್ನೇ ಮುಚ್ಚಿಬಿಡೋಣ ಎಂದು ಆ ವಾರವೆಲ್ಲ ಯೋಚಿಸಿದೆ. ಮುಚ್ಚಿದರೆ ಅಕ್ಕನಂಥವರಿಗೆ ಮತ್ತೆ ತೋಟದ ಕೂಲಿಯೇ ಗತಿ. ಹುಳಿಯವನಿಗೆ ಬೇರೆ ಯಾವ ತಂಡದಲ್ಲೂ ಸರಿಹೋಗುವುದಿಲ್ಲ, ಆ ಗಂಟುಮುಖ ಸಹಿಸುವವರು ನಾವಷ್ಟೇ. ಅಷ್ಟರಲ್ಲಿ ನರಸಿಂಹರಾಜಪುರದಿಂದ ಒಂದು ಮದುವೆಗೆ ಫೋನ್ ಬಂತು. ಆಗಲಿ ಎಂದುಬಿಟ್ಟೆ.

ಆ ಮದುವೆಯ ದಿನ ಹುಳಿ ಒಂದು ಕುದಿ ಬಂದಾಗ ಹುಳಿಯವನು ನನ್ನ ಪಕ್ಕಕ್ಕೆ ಬಂದು ನಿಂತ. ಮುಖ ನೋಡದೆ ಕೇಳಿದ, “ನಾನು ಹಾಕಿ, ತಪ್ಪಿದ್ರೆ, ಕೇಳಿದವರಿಗೆ ನೀವು ಎಂತ ಹೇಳ್ತೀರಿ?”

“ನಾನೇ ಹಾಕಿದ್ದು ಅಂತೀನಿ.”

“ಪ್ರತಿ ಸಲನೂ?”

“ಪ್ರತಿ ಸಲನೂ.”

ಅವನು ಡಬ್ಬಿ ತೆಗೆದುಕೊಂಡ. ಸಿಹಿಯವನು ಕಡಾಯಿಯಿಂದ ತಲೆ ಎತ್ತಿ ನೋಡಿ, ಮತ್ತೆ ಸಜ್ಜಿಗೆ ತಿರುವತೊಡಗಿದ. ಅಲ್ಲಿಗೆ ನನ್ನ ನಿವೃತ್ತಿ ಮುಗಿಯಿತು ಎಂದೂ ಗೊತ್ತಾಯಿತು. ಇನ್ನು ಬೈಸಿಕೊಳ್ಳುವುದಕ್ಕಾದರೂ ನಾನು ಪ್ರತಿ ಛತ್ರಕ್ಕೂ ಈ ಮಂಡಿ ಎಳೆದುಕೊಂಡು ಬರಬೇಕು.

ಅಂದು ಹುಳಿಗೆ ಉಪ್ಪು ಹೆಚ್ಚಾಗಿತ್ತು. ಮೊದಲ ಪಂಕ್ತಿ ಏಳುವ ಮುಂಚೆಯೇ ಹುಡುಗಿಯ ಸೋದರಮಾವ ಅಡುಗೆಮನೆಯ ಬಾಗಿಲಿಗೆ ಬಂದರು. ಕೆಲಸದವರೆಲ್ಲ ತಲೆ ತಗ್ಗಿಸಿದರು. ನಾನು ಕುರ್ಚಿಯಿಂದ ಎದ್ದು ಮುಂದೆ ಹೋಗಿ ಕೈ ಮುಗಿದೆ.

“ನನ್ನ ಕೈ ತಪ್ಪಿತು” ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಸಿಟ್ಟು ಅರ್ಧ ಇಳಿದಂತೆ ಕಂಡಿತು. “ನಿಮಗೂ ವಯಸ್ಸಾಯ್ತು ಭಟ್ರೆ. ಇನ್ನಾದ್ರೂ ಗಟ್ಟಿ ಇರೋರಿಗೆ ಬಿಟ್ಟುಕೊಡಿ ಮಾರಾಯ್ರೆ” ಎಂದರು.

“ಹೌದು, ಬಿಟ್ಟುಕೊಡ್ಬೇಕು” ಎಂದೆ.

ಅವರು ಹೋದರು. ತಿರುಗಿ ನೋಡಿದರೆ ಹುಳಿಯವನು ನನ್ನ ಕಡೆ ಬೆನ್ನು ಹಾಕಿ ನಿಂತಿದ್ದ, ಕಿವಿ ಎರಡೂ ಕೆಂಪಾಗಿದ್ದವು. ಉಪ್ಪು ಇಳಿಯಲೆಂದು ಎರಡನೇ ಪಂಕ್ತಿಯ ಕೊಪ್ಪರಿಗೆಗೆ ಬೇಯಿಸಿದ ಬೇಳೆಯನ್ನೂ ಬಿಸಿನೀರನ್ನೂ ಸುರಿದ, ಸೌಟಿನಿಂದ ಅಂಗೈಗೆ ಒಂದು ಹನಿ ಹಾಕಿಕೊಂಡು ರುಚಿ ನೋಡಿದ, ಈಗ ತುಸು ಸಪ್ಪೆ ಎನಿಸಿತೇನೋ, ನನ್ನನ್ನು ಕೇಳದೆಯೇ ಡಬ್ಬಿಗೆ ಕೈ ಹಾಕಿ ಒಂದು ಚೂರು ಉಪ್ಪು ಉದುರಿಸಿದ.