ಹತ್ತನೆಯವನು

ಕಳೆದ ಗುರುವಾರ ಸಂಜೆ ಕೂದಲು ಕತ್ತರಿಸಿ ಮುಗಿಸಿದ ಮೇಲೆ ಕ್ಷೌರದಂಗಡಿಯವನು ನನ್ನ ಕತ್ತಿನ ಹಿಂಭಾಗಕ್ಕೆ ನಿಂಬೆ ವಾಸನೆಯ ಕೊಲೋನ್ ತಟ್ಟಿದ. ಈ ಊರಿನ ಎಲ್ಲ ಕ್ಷೌರದಂಗಡಿಗಳಲ್ಲೂ ಅದೇ ಬಾಟಲಿ, ಅದೇ ಉರಿ. ವರ್ಷಗಟ್ಟಲೆ ತಟ್ಟಿಸಿಕೊಂಡಿದ್ದೇನೆ, ಏನೂ ಅನಿಸಿರಲಿಲ್ಲ. ಅಂದು ಮಾತ್ರ ಅವನು ಇನ್ನಷ್ಟು ಕೊಲೋನನ್ನು ಹತ್ತಿಯ ಮೇಲೆ ಸುರಿದು ಎದುರಿನ ಕನ್ನಡಿ ಒರೆಸಿದ. ಹತ್ತಿ ಗಾಜಿನ ಮೇಲೆ ಕಿರ್ರೆಂದಿತು. ಕುರ್ಚಿಯಲ್ಲಿ ಕೂತಲ್ಲೇ ನಾನು ಏಳನೇ ತರಗತಿಗೆ ಹೋಗಿಬಿಟ್ಟೆ...

ನಮ್ಮ ಕನ್ನಡ ಸರ್ ಬೋರ್ಡು ಒರೆಸುತ್ತಿದ್ದದ್ದು ಹೀಗೆಯೇ. ಅವರ ಅವಧಿ ಮುಗಿದ ಮೇಲೆ ಆ ಕೋಣೆಗೆ ಯಾರು ಬಂದರೂ, ಇಲ್ಲಿ ಯಾರಿಗೆ ಶೇವಿಂಗ್ ಆಯಿತು ಎಂದು ಕೇಳುತ್ತಿದ್ದರು.

ಕೆಂಪು ಸಮುದ್ರದ ದಡದ ಈ ಕೈಗಾರಿಕಾ ಪಟ್ಟಣದಲ್ಲಿ ನಾನು ಓದಿದ್ದು ಭಾರತೀಯರ ಶಾಲೆಯೊಂದರಲ್ಲಿ. ಅದಕ್ಕೆ ಮಾಲೀಕರಿರಲಿಲ್ಲ. ಪೋಷಕರೇ ಆರಿಸಿದ ಸಮಿತಿ ಅದನ್ನು ನಡೆಸುತ್ತಿತ್ತು, ಫೀಸು ಪೈಪ್ ಫಿಟ್ಟರಿಗೂ ಎಟುಕುವಷ್ಟಿತ್ತು. ನಾನು ಏಳಕ್ಕೆ ಬರುವ ಹೊತ್ತಿಗೆ ಇಲ್ಲಿನ ಪ್ಲಾಂಟುಗಳು ಖರ್ಚು ಇಳಿಸಲು ಶುರು ಮಾಡಿದ್ದವು. ಮೊದಲು ನಿಂತದ್ದು ಮಕ್ಕಳ ಫೀಸನ್ನು ಕಂಪೆನಿಯೇ ಕಟ್ಟುವ ಪದ್ಧತಿ. ಸ್ವಂತ ಕಿಸೆಯಿಂದ ಕಟ್ಟಬೇಕಾಗಿ ಬಂದಾಗ ಅನೇಕರು ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿಬಿಟ್ಟರು. ಮಕ್ಕಳು ಕಡಿಮೆಯಾದಾಗ ಶಾಲೆಯೂ ಖರ್ಚು ಇಳಿಸಲು ಹೊರಟಿತು. ಸಮಿತಿಯ ಅಧ್ಯಕ್ಷರು ಒಂದು ಪ್ಲಾಂಟಿನ ಮ್ಯಾನೇಜರ್. ಅಲ್ಲಿ ಮಾಡಿದ್ದನ್ನೇ ಇಲ್ಲೂ ಮಾಡಿದರು. ಖಾಲಿಯಾದ ಮಾರ್ಕರ್ ತಂದು ಕೊಟ್ಟರೆ ಮಾತ್ರ ಹೊಸದು. ಕೊನೆಯ ಅವಧಿಗೆ ಏಸಿ ಬಂದ್. ಎರಡನೇ ಮಹಡಿಯ ನೀರಿನ ಕೂಲರ್ ಕೆಟ್ಟದ್ದು ಕೆಟ್ಟೇ ಉಳಿಯಿತು. ಬೋರ್ಡು ಒರೆಸುವ ದ್ರಾವಣ ನಿಂತ ದಿನ ಸರ್ ತಮ್ಮ ಮನೆಯ ಕೆಳಗಿನ ಕ್ಷೌರದಂಗಡಿಯಿಂದ ಕೊಲೋನ್ ತಂದರು. ಬೋರ್ಡಿಗೂ ಕ್ಷೌರ ಮಾಡಿಸುವ ಕಾಲ ಬಂತು ಎಂದು ಗೊಣಗಿದರು.

ನಮ್ಮ ತಂದೆ ಪ್ಲಾಂಟಿನಲ್ಲಿ ಟೆಕ್ನಿಷಿಯನ್. ಮಂಗಳೂರಿನ ಕಡೆಯ ಬ್ಯಾರಿಗಳು ನಾವು. ಇದನ್ನೆಲ್ಲ ಕೇಳಿದ ತಂದೆ ನಮ್ಮ ಭಾಷೆಯಲ್ಲಿ ಹೇಳಿದ್ದು ಇಷ್ಟೇ: ಅಲ್ಲಿ ಆಪರೇಟರನ್ನು ತೆಗೆದ ಹಾಗೆ ಇಲ್ಲಿ ಮೇಷ್ಟ್ರನ್ನೂ ತೆಗೆಯುತ್ತಾರೆ, ನೋಡು.

ಅದು ಹಾಗೆಯೇ ಆಗತೊಡಗಿತು. ಹತ್ತು ಮಕ್ಕಳಿಲ್ಲದ ಭಾಷೆಯ ತರಗತಿ ಮುಂದಿನ ವರ್ಷ ನಡೆಯುವುದಿಲ್ಲ ಎಂದು ಸಮಿತಿ ಸುತ್ತೋಲೆ ಹೊರಡಿಸಿತು. ತರಗತಿ ಹೋದರೆ ಸರ್ ಕೆಲಸ ಹೋಗುತ್ತದೆ, ಕೆಲಸ ಹೋದರೆ ಇಕಾಮಾ, ಅಂದರೆ ವಾಸದ ಪರವಾನಗಿ, ಹೋಗುತ್ತದೆ, ಅಲ್ಲಿಗೆ ಅವರು ಈ ದೇಶದಲ್ಲಿ ಇರುವಂತಿಲ್ಲ. ಆಗ ಬೇರೆ ಬೇರೆ ತರಗತಿಯವರೆಲ್ಲ ಒಟ್ಟಿಗೆ ಕೂರುವ ನಮ್ಮ ಕನ್ನಡ ತರಗತಿಯಲ್ಲಿ ಇದ್ದದ್ದು ಒಂಬತ್ತು ಮಂದಿ. ಅದಕ್ಕೆ ಹಿಂದಿನ ತಿಂಗಳಷ್ಟೇ ಅಣ್ಣತಮ್ಮಂದಿರಿಬ್ಬರು ತಂದೆಯ ವರ್ಗಾವಣೆಯೊಂದಿಗೆ ದಕ್ಷಿಣದ ಜಿಜಾನ್ ಪಟ್ಟಣಕ್ಕೆ ಹೋಗಿದ್ದರು.

ಆ ಒಂಬತ್ತರಲ್ಲಿ ಕನ್ನಡ ನಿಜವಾಗಿ ಬರುತ್ತಿದ್ದವನು ನಾನೊಬ್ಬ. ಅಮ್ಮ ಊರಿನ ಕನ್ನಡ ಶಾಲೆಯಲ್ಲಿ ಓದಿದವಳು, ಮನೆಯಲ್ಲಿ ಅವಳೇ ಕಲಿಸಿದ್ದಳು. ನನಗೆ ಒತ್ತಕ್ಷರ ತಪ್ಪುತ್ತಿರಲಿಲ್ಲ. ಅಲ್ಪಪ್ರಾಣ ಮಹಾಪ್ರಾಣ ತಪ್ಪುತ್ತಿರಲಿಲ್ಲ. ಡೈರಿ ಬರೆಯುವ ಚಟ ಆಗಲೇ ಹತ್ತಿತ್ತು, ಅದೂ ಕನ್ನಡದಲ್ಲೇ. ಮೊದಲ ಎರಡು ವರ್ಷ ಸರ್ ನನ್ನ ಪುಸ್ತಕವನ್ನು ಎತ್ತಿ ಹಿಡಿದು ಬೇರೆಯವರಿಗೆ ತೋರಿಸುತ್ತಿದ್ದರು. ಕುಂದಾಪುರದ ಕಡೆಯವರು, ದಪ್ಪ ಮೀಸೆ, ಹೊಗಳುವಾಗ ಒಂದು ಹುಬ್ಬು ಮೇಲೆ ಹೋಗುತ್ತಿತ್ತು. ಆ ಹುಬ್ಬಿಗಾಗಿ ನಾನು ಏನು ಬೇಕಾದರೂ ಬರೆಯುತ್ತಿದ್ದೆ.

ಆಮೇಲೆ ಹತ್ತನೆಯವನು ಬಂದ.

ಭಟ್ಕಳದ ಬಟ್ಟೆ ವ್ಯಾಪಾರಿಯೊಬ್ಬರ ಮಗ. ಮನೆಯಲ್ಲಿ ನವಾಯತಿ, ಗೆಳೆಯರ ಜೊತೆ ಇಂಗ್ಲಿಷ್. ಕನ್ನಡ ಬರುತ್ತಿದ್ದದ್ದು ಚಿಕ್ಕಂದಿನಲ್ಲಿ ಅವನನ್ನು ಎತ್ತಿ ಆಡಿಸಿದ ಊರಿನ ಹೆಂಗಸೊಬ್ಬಳಿಂದ ಕಲಿತಷ್ಟು ಮಾತ್ರ. ಅವನು ಫ್ರೆಂಚ್ ತರಗತಿಯಲ್ಲಿದ್ದ. ಸರ್ ಫುಟ್‌ಬಾಲ್ ಮೈದಾನದ ಅಂಚಿನಲ್ಲಿ ನಿಂತು, ಅವನ ಆಟ ಹೊಗಳಿ, ವಾರಗಟ್ಟಲೆ ಬೆನ್ನು ಹತ್ತಿ ಕರೆತಂದರು. ಬಾಗಿಲಲ್ಲಿ ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದರು:

"ನೀನು ಹತ್ತನೆಯವ ಮಾರಾಯ. ನೀನು ಉಂಟಾದ್ರೆ ನಾವೆಲ್ಲ ಉಂಟು."

ಮೊದಲ ದಿನವೇ ಅವನು ಎದ್ದುನಿಂತು, "ಸರ್, ನೀನು ಬರೆದದ್ದು ಕಾಣುದಿಲ್ಲ, ಸ್ವಲ್ಪ ಆಚೆ ಹೋಗು" ಎಂದ.

ನಾವು ಒಂಬತ್ತು ಮಂದಿಯೂ ಸರ್ ಮುಖ ನೋಡಿದೆವು. ಅವನಿಗೆ ನೀವು ಎಂಬ ಮಾತೇ ಗೊತ್ತಿರಲಿಲ್ಲ. ಅವನೊಡನೆ ಕನ್ನಡ ಆಡಿದವರೆಲ್ಲ ಅವನನ್ನು ನೀನು ಎಂದವರೇ. ಅವನಿಗೆ ಸಿಕ್ಕಿದ್ದ ಕನ್ನಡ ಅಷ್ಟೇ, ಅದನ್ನೇ ಅವನು ಎಲ್ಲರಿಗೂ ಹಂಚುತ್ತಿದ್ದ. ಸರ್ ನಕ್ಕು, ಆಚೆ ಸರಿದು ನಿಂತರು. ತಿದ್ದಲಿಲ್ಲ. ಮರುದಿನವೂ ತಿದ್ದಲಿಲ್ಲ. ತಿದ್ದಿದರೆ ಎಲ್ಲಿ ಫ್ರೆಂಚಿಗೆ ಮರಳುತ್ತಾನೋ ಎಂಬ ಹೆದರಿಕೆ ಮೊದಲು ಇದ್ದಿರಬಹುದು. ಆದರೆ ಕೆಲವು ವಾರಗಳಲ್ಲಿ ಅದು ಹೆದರಿಕೆಯಾಗಿ ಉಳಿದಿರಲಿಲ್ಲ. ಅವನು ನೀನು ಎಂದಾಗಲೆಲ್ಲ ಸರ್ ಮುಖ ಸಡಿಲವಾಗುತ್ತಿತ್ತು. ಅವರ ಇಬ್ಬರು ಮಕ್ಕಳು ಊರಿನಲ್ಲಿದ್ದರು, ಶಾಲೆ ಕೊಡುವ ಸಂಬಳದಲ್ಲಿ ಕುಟುಂಬವನ್ನು ಇಲ್ಲಿಗೆ ತರುವಂತಿರಲಿಲ್ಲ ಎಂಬುದು ನನಗೆ ತಿಳಿದದ್ದು ಬಹಳ ನಂತರ.

ಆಗ ನನಗೆ ತಿಳಿದದ್ದು ನನ್ನ ಹೊಟ್ಟೆಯ ಉರಿ ಮಾತ್ರ. ಒಂದು ವಾರ ಡೈರಿಯ ಪುಟದಲ್ಲಿ ಎರಡು ಸಾಲು ಮಾಡಿ, ಸರ್ ಯಾರ ಹೆಸರನ್ನು ಎಷ್ಟು ಸಲ ಕರೆಯುತ್ತಾರೆ ಎಂದು ಗೀಟು ಎಳೆದೆ. ಅವನ ಸಾಲು ಪುಟದ ಅಂಚಿಗೆ ಮುಟ್ಟಿತು. ನನ್ನದರಲ್ಲಿ ಎರಡು ಗೀಟು, ಅದರಲ್ಲೂ ಒಂದು ಕಿಟಕಿಯ ಪರದೆ ಎಳೆಯಲು. ಅವನು ಅಕ್ಷರವನ್ನು ತಲೆಕೆಳಗು ಬರೆದರೂ ಭೇಷ್. ನಾನು ಎರಡು ಪುಟದ ಪ್ರಬಂಧ ಬರೆದರೆ ಕೆಳಗೆ ಒಂದು ಸಹಿ. ನಾನು ಎಲ್ಲಿಗೂ ಹೋಗುವವನಲ್ಲ ಎಂದು ಅವರಿಗೆ ಗೊತ್ತಿತ್ತು. ಹೋಗುವವರನ್ನಷ್ಟೇ ಹಿಡಿದುಕೊಳ್ಳಬೇಕಿತ್ತು.

ಒಂದು ದಿನ ನಾನು ಬೇಕೆಂದೇ ಹೇಳಿದೆ:

"ಸರ್, ನೀನು ನನ್ನ ಪ್ರಬಂಧ ಓದಲಿಲ್ಲ."

ಬಾಯಿಂದ ಹೊರಬಿದ್ದ ಕೂಡಲೇ ಅದು ನನ್ನ ಬಾಯಿಯದಲ್ಲ ಎನಿಸಿತು. ಸರ್ ಬೋರ್ಡು ಒರೆಸುವುದನ್ನು ನಿಲ್ಲಿಸಿ ತಿರುಗಿದರು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

"ಅವನಿಗೆ ಗೊತ್ತಿಲ್ಲ, ಹೇಳ್ತಾನೆ. ನಿನಗೆ ಗೊತ್ತುಂಟಲ್ಲ. ಗೊತ್ತಿದ್ದವ ಹೇಳಿದ್ರೆ ಅದು ಬೇರೆ."

ಹತ್ತನೆಯವನು ನನ್ನತ್ತ ತಿರುಗಿ, ಇವನಿಗೆ ಎಂತ ಆಯ್ತು ಎಂಬಂತೆ ನೋಡಿದ. ಅವನಿಗೆ ನಿಜವಾಗಿಯೂ ಏನೂ ಅರ್ಥವಾಗಿರಲಿಲ್ಲ. ಅದಕ್ಕೂ ನನಗೆ ಅವನ ಮೇಲೆ ಅಸೂಯೆಯಾಯಿತು.

ಆ ಚಳಿಗಾಲದಲ್ಲಿ ಸಮಿತಿಯ ಚುನಾವಣೆ ಬಂತು. ಎರಡು ಗುಂಪುಗಳು, ಎರಡೂ ಬೇರೆ ರಾಜ್ಯಗಳವರದ್ದು. ಕನ್ನಡದವರ ವೋಟುಗಳು ಯಾವ ಗುಂಪಿಗೂ ದೊಡ್ಡವಲ್ಲ, ಆದರೆ ಎರಡೂ ಗುಂಪುಗಳು ಸಮಸಮ ಇದ್ದುದರಿಂದ ಹತ್ತನೆಯವನ ತಂದೆಯನ್ನು ಒಂದು ಗುಂಪು ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಅವರು ಊರ ಹೊರಗೆ ಒಂದು ಇಸ್ತಿರಾಹ, ಅಂದರೆ ದಿನದ ಬಾಡಿಗೆಗೆ ಸಿಗುವ ಅಂಗಳದ ಮನೆ, ಹಿಡಿದು ನಮ್ಮ ಕಡೆಯವರಿಗೆಲ್ಲ ಬಿರಿಯಾನಿ ಹಾಕಿಸಿದರು. ತಂದೆ ನನ್ನನ್ನೂ ಕರೆದೊಯ್ದಿದ್ದರು. ಸರ್ ಅಲ್ಲಿ ತೋಳು ಮಡಚಿಕೊಂಡು ಬಡಿಸುತ್ತಿದ್ದರು. ಪಂಕ್ತಿಯಿಂದ ಪಂಕ್ತಿಗೆ ಹೋಗಿ, ಈ ಗುಂಪಿಗೇ ವೋಟು ಹಾಕಿ, ಕನ್ನಡ ಉಳಿಯುತ್ತದೆ ಎನ್ನುತ್ತಿದ್ದರು. ವ್ಯಾಪಾರಿ ಎಲ್ಲರಿಗೂ ಕೇಳುವ ಹಾಗೆ, "ನಾನಿದ್ದೇನಲ್ಲ ಸರ್, ಕನ್ನಡಕ್ಕೆ ಎಂತ ಆಗುದಿಲ್ಲ" ಎಂದರು. ಅದೇ ಉಸಿರಿನಲ್ಲಿ ಫೀಸು ಇಳಿಸುತ್ತೇವೆ ಎಂದೂ ಹೇಳಿದರು. ಜನ ಎರಡಕ್ಕೂ ತಲೆಯಾಡಿಸಿದರು, ಎರಡನೆಯದಕ್ಕೆ ಸ್ವಲ್ಪ ಜೋರಾಗಿ.

ಸರ್ ನನ್ನ ತಟ್ಟೆಗೆ ಅನ್ನ ಹಾಕಿ ಮುಂದೆ ಹೋದರು. ಹತ್ತನೆಯವನ ಎದುರು ಕೂತು, ಮಾಂಸದ ತುಂಡು ಆರಿಸಿ ಹಾಕಿದರು. ಅವನು, "ಸಾಕು ಸರ್, ನೀನೂ ತಿನ್ನು" ಎಂದು ಒಂದು ತುಂಡನ್ನು ಅವರ ಕೈಗೇ ಕೊಟ್ಟ. ಅವರು ಅಲ್ಲೇ ಕೂತು ತಿಂದರು. ಮನೆಗೆ ಬರುವ ದಾರಿಯಲ್ಲಿ ತಂದೆ, ಈ ಮನುಷ್ಯನಿಗೆ ಇಷ್ಟು ತಗ್ಗಬೇಕಾಗಿ ಬಂತಲ್ಲ ಎಂದು ಬೇಸರಪಟ್ಟರು. ನಾನು ಆ ತುಂಡಿನ ಬಗ್ಗೆ ಯೋಚಿಸುತ್ತಿದ್ದೆ.

ಆ ಗುಂಪು ಗೆದ್ದಿತು. ಮೊದಲ ಸಭೆಯಲ್ಲೇ ಖರ್ಚಿನ ಮಾತು ಬಂತು. ಯಾರೋ ಒಬ್ಬರು ಪ್ಲಾಂಟಿನ ಭಾಷೆಯಲ್ಲಿ, ಹತ್ತು ಮಕ್ಕಳಿಗೆ ಒಬ್ಬ ಶಿಕ್ಷಕ ಎಂದರೆ ಯುಟಿಲೈಸೇಶನ್ ಕಡಿಮೆ ಎಂದರಂತೆ. ಕನಿಷ್ಠ ಹತ್ತು ಮಕ್ಕಳು ಎಂದು ಇದ್ದದ್ದು ಹದಿನೈದಾಯಿತು. ವ್ಯಾಪಾರಿಯೂ ಕೈ ಎತ್ತಿದರು. ಮರುದಿನ ಬಸ್ಸಿನ ಹತ್ತಿರ ಸರ್ ಅದನ್ನು ನನ್ನ ತಂದೆಗೆ ಹೇಳುತ್ತಿದ್ದಾಗ ನಾನು ಪಕ್ಕದಲ್ಲೇ ಇದ್ದೆ. ಅವರು ವ್ಯಾಪಾರಿಯ ಅಂಗಡಿಗೆ ಹೋಗಿ ಕೇಳಿದ್ದರಂತೆ. ವ್ಯಾಪಾರಿ ಚಹಾ ತರಿಸಿ, ತುಂಬ ಬೇಸರದಿಂದಲೇ ಹೇಳಿದರಂತೆ:

"ಎಲ್ಲರೂ ಕೈ ಎತ್ತಿದ್ರು ಸರ್. ನಾನೊಬ್ಬ ಹೇಗೆ ಸುಮ್ಮನೆ ಕೂತಿರುದು?"

ಸರ್, ಇನ್ನು ಐದು ಮಂದಿಯನ್ನು ಎಲ್ಲಿಂದ ತರಲಿ ಎಂದು ತಮ್ಮಷ್ಟಕ್ಕೆ ಅಂದುಕೊಂಡು ಒಳಗೆ ಹೋದರು. ಆದರೂ ಅವರು ಬಿಡಲಿಲ್ಲ. ಕೆಳಗಿನ ತರಗತಿಗಳ ಬಾಗಿಲಲ್ಲಿ ನಿಂತರು, ಮನೆಮನೆಗೆ ಫೋನ್ ಮಾಡಿದರು. ಉಡುಪಿಯ ಕಡೆಯ ತಾಯಿಯೊಬ್ಬರು, ನಮ್ಮ ಮಗುವಿಗೆ ಕನ್ನಡದಿಂದ ಇನ್ನು ಎಂತ ಆಗಲಿಕ್ಕುಂಟು ಸರ್ ಎಂದು ಕೇಳಿದರಂತೆ. ಇಬ್ಬರು ಸಿಕ್ಕಿದರು. ಹನ್ನೆರಡಕ್ಕೆ ನಿಂತಿತು.

ಕೊನೆಯ ದಿನ ತರಗತಿಯೇನೂ ನಡೆಯಲಿಲ್ಲ. ಸರ್ ಮೇಜಿನ ಖಾನೆ ಖಾಲಿ ಮಾಡುತ್ತಿದ್ದರು. ಹತ್ತನೆಯವನು ಅವರ ತೋಳು ಹಿಡಿದುಕೊಂಡು, "ನೀನು ಹೋಗ್ಬೇಡ ಸರ್. ನಾನು ಅಪ್ಪನಿಗೆ ಹೇಳ್ತೇನೆ, ನೀನು ಹೋಗ್ಬೇಡ" ಎಂದ. ಸರ್ ಅವನ ತಲೆಯ ಮೇಲೆ ಕೈಯಿಟ್ಟರು. ನನಗೂ ಅದನ್ನೇ ಹೇಳಬೇಕಿತ್ತು. ಮನಸ್ಸಿನಲ್ಲೇ ಹೇಳಿ ನೋಡಿದೆ. ನೀವು ಹೋಗಬೇಡಿ ಸರ್... ರಜೆ ಅರ್ಜಿಯ ಸಾಲಿನ ಹಾಗೆ ಕೇಳಿಸಿತು. ಅವನ ಕನ್ನಡ ಸರಿಯಿಲ್ಲದ್ದರಿಂದಲೇ ಅವನಿಗೆ ಅದು ಸಾಧ್ಯವಾಗಿತ್ತು. ನಾನು ಕೊನೆಗೆ ಕೇಳಿದ್ದು, ಓದುವ ಪುಸ್ತಕಗಳನ್ನು ಎಲ್ಲಿ ಇಡಲಿ ಎಂದು. ಅಲ್ಲೇ ಇಡು ಎಂದರು.

ಮುಂದಿನ ವರ್ಷ ಆ ಅವಧಿಗೆ ಹೊರಗಿನ ಕಂಪೆನಿಯೊಂದರ ಕಂಪ್ಯೂಟರ್ ಪಾಠ ಬಂತು, ಅದಕ್ಕೆ ಬೇರೆ ಫೀಸು. ಶಾಲೆಯ ಫೀಸೂ ಇಳಿಯಲಿಲ್ಲ. ಈಗ ಆ ಶಾಲೆಯನ್ನು ನಡೆಸುವುದೇ ಒಂದು ಕಂಪೆನಿ, ಸಮಿತಿಗೆ ಚುನಾವಣೆ ಇಲ್ಲ. ನಮ್ಮ ಕನ್ನಡದ ಕೋಣೆಯಲ್ಲಿ ಸಮವಸ್ತ್ರ ಮಾರುತ್ತಾರೆ.

ಕ್ಷೌರದಂಗಡಿಯಿಂದ ನಾನು ನೇರ ಮನೆಗೆ ಹೋಗಲಿಲ್ಲ. ಪೇಟೆಯಲ್ಲಿ ಹತ್ತನೆಯವನ ಅಂಗಡಿ ಇದೆ, ತಂದೆಯ ಜಾಗದಲ್ಲಿ ಈಗ ಅವನೇ ಕೂರುತ್ತಾನೆ. ನಾನು ಇಲ್ಲೇ ಒಂದು ಗುತ್ತಿಗೆ ಕಂಪೆನಿಯಲ್ಲಿ ಕೆಲಸಕ್ಕೆ ಸೇರಿದ ಮೇಲೂ ಅವನೊಡನೆ ದೂರದ ಸಲಾಮ್ ಬಿಟ್ಟರೆ ಬೇರೆ ಮಾತಿರಲಿಲ್ಲ, ನಾನೇ ಬೇಕೆಂದು ಇಟ್ಟುಕೊಂಡ ದೂರ ಅದು. ಅಂದು ಒಳಗೆ ಹೋಗಿ, ಸರ್ ಅವರ ನಂಬರ್ ಯಾರ ಬಳಿಯಾದರೂ ಇದೆಯಾ ಎಂದು ಕೇಳಿದೆ.

ಅವನು ಬಟ್ಟೆ ಮಡಚುವುದನ್ನು ನಿಲ್ಲಿಸಿದ.

"ನಿನಗೆ ಗೊತ್ತಿಲ್ವಾ ಮಾರಾಯ? ಅವ ಹೋಗಿ ಆರು ತಿಂಗಳಾಯ್ತು."

ಊರಿಗೆ ಹೋದಾಗಲೆಲ್ಲ ಅವನು ಕುಂದಾಪುರಕ್ಕೆ ಹೋಗುತ್ತಿದ್ದನಂತೆ, ಖರ್ಜೂರದ ಡಬ್ಬಿ ಹಿಡಿದುಕೊಂಡು. ಹಬ್ಬಕ್ಕೆ ಅವರೇ ಫೋನ್ ಮಾಡುತ್ತಿದ್ದರಂತೆ. ಊರಿಗೆ ಮರಳಿದ ಮೇಲೆ ಅವರಿಗೆ ಖಾಯಂ ಕೆಲಸ ಸಿಗಲೇ ಇಲ್ಲ, ಮನೆಯಲ್ಲಿ ಟ್ಯೂಷನ್ ಮಾಡಿಕೊಂಡಿದ್ದರು, ಕೊನೆಗೆ ಕಿಡ್ನಿಯ ತೊಂದರೆ... ಅವನು ಹೇಳುತ್ತಾ ಹೋದ. ನನಗೆ ಮೊದಲು ಬಂದದ್ದು ದುಃಖವಲ್ಲ. ಆರು ತಿಂಗಳಿಂದ ಇವನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ ಎಂಬುದು.

ನನ್ನ ಬಗ್ಗೆ ಯಾವಾಗಾದರೂ ಕೇಳಿದ್ದರಾ ಎಂದೆ. ವ್ಯಾಪಾರಿಯ ಮಗ, ಒಂದು ಸಿಹಿ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಕೇಳ್ಲಿಲ್ಲ. ಒಮ್ಮೆ ನಾನೇ ಕೇಳಿದ್ದೆ, ಅವನ ನೆನಪು ಉಂಟಾ ಅಂತ. ಸರ್ ನಗಾಡಿದ. ದಿನಾ ಬಾಗಿಲಲ್ಲಿ ನಿಂತು ಎಣಿಸುವಾಗ ಅವನನ್ನು ನೋಡದೆಯೇ ಒಂದು ಅಂತ ಶುರು ಮಾಡ್ತಿದ್ದೆ ಅಂದ."

ಬೇರೆ ಯಾರಾದರೂ ಅದನ್ನು ಕೇಳಿ ಸಮಾಧಾನ ಮಾಡಿಕೊಂಡಾರು. ನಾನೂ ಪ್ರಯತ್ನಿಸುತ್ತಿದ್ದೇನೆ. ಆದರೆ ನನಗೆ ಅವರು ನೋಡದೆಯೇ ಎಣಿಸಿದ ಒಂದಾಗಬೇಕಿರಲಿಲ್ಲ. ಬರುತ್ತಾನೋ ಇಲ್ಲವೋ ಎಂದು ಅವರು ಬಾಗಿಲಲ್ಲಿ ನಿಂತು ಕಾಯುತ್ತಿದ್ದ ಹತ್ತನೆಯವನಾಗಬೇಕಿತ್ತು.

ಅವನು ನನಗೆ ಚಹಾ ತರಿಸಿದ. ಆ ತರಗತಿಯಲ್ಲಿದ್ದವರಲ್ಲಿ ಈ ಊರಿನಲ್ಲಿ ಉಳಿದಿರುವುದು ನಾವಿಬ್ಬರೇ. ಸರ್ ಬಗ್ಗೆ ಕೇಳಬೇಕೆಂದರೆ ಇನ್ನು ಮುಂದೆಯೂ ನಾನು ಅವನ ಅಂಗಡಿಯ ಮೆಟ್ಟಿಲನ್ನೇ ಹತ್ತಬೇಕು. ಅವರ ಕೊನೆಯ ವರ್ಷಗಳೆಲ್ಲ ಅವನ ಬಳಿ ಇವೆ.