ಖಾಲಿ ಬಿಟ್ಟ ಕಾಲಂ

ಮೊನ್ನೆ ಅಡುಗೆಮನೆಯ ಶೆಲ್ಫ್ ಒರೆಸುವಾಗ ಡಬ್ಬಿಗಳ ಕೆಳಗೆ ಹಾಸಿದ್ದ ಹಳೆಯ ಪ್ರಿಂಟರ್ ಕಾಗದ ಕೈಗೆ ಬಂತು. ಅಂಚಿನುದ್ದಕ್ಕೂ ಸಣ್ಣ ತೂತುಗಳು, ಮಾಸಿದ ಶಾಯಿ, ಮೆಂತ್ಯದ ವಾಸನೆ... ಚಳ್ಳಕೆರೆಯ ಕಂಪ್ಯೂಟರ್ ಕ್ಲಾಸಿನ ಮಹಡಿ ಕೋಣೆ, ಅಲ್ಲಿನ ನನ್ನ ಟೀಚರ್ ಕಣ್ಣೆದುರು ಬಂದರು.

ತೊಂಬತ್ತರ ದಶಕದ ಕೊನೆ. ಕಾನ್ವೆಂಟಿನಲ್ಲಿ ಓದಿದವಳೆಂದು ಅವರು ನನ್ನನ್ನು ಟೈಪಿಂಗಿಗೆ ಕೂರಿಸಿಕೊಂಡಿದ್ದರು. ಅವರ ಮನೆ ಮೊಳಕಾಲ್ಮೂರಿನಲ್ಲಿ. ಗಂಡ ಬಳ್ಳಾರಿಗೆಂದು ಹೋದವರು ಎರಡು ವರ್ಷವಾದರೂ ತಿರುಗಿ ಬಂದಿರಲಿಲ್ಲ. ಅವರ ತಾಳಿ ತೆಗೆಸಬೇಕೆಂದು ಮೈದುನನ ಹಟ. "ಗಂಡ ಇಲ್ಲ ಅಂತ ಆಕೆ ಬಾಯಿಂದ್ಲೇ ಬರ್ಲಿ, ತಡಿ" ಎಂದು ಹಿರಿಯರು ತಡೆದಿದ್ದರು. ಟೀಚರ್ ದಿನವೂ ಕುಂಕುಮ ಇಟ್ಟೇ ಬರುತ್ತಿದ್ದರು. ಬೊಟ್ಟು ಮಾತ್ರ ಕೊಂಚ ಒಂದು ಬದಿಗೆ ಸರಿದಿರುತ್ತಿತ್ತು.

ಟೀಚರೂ ಸದಸ್ಯೆಯಾಗಿದ್ದ ಮೊಳಕಾಲ್ಮೂರಿನ ನೇಕಾರ ಹೆಂಗಸರ ಸಂಘಕ್ಕೆ ಸದಸ್ಯರ ಪಟ್ಟಿ ಮಾಡಬೇಕಿತ್ತು. ಪ್ರೋಗ್ರಾಂ ಟೀಚರ್ ಬರೆದದ್ದು. ಖಾಲಿ ಬಿಟ್ಟ ಕಾಲಂಗೆ ಕಂಪ್ಯೂಟರಿನವರು 'ನಲ್' ಅನ್ನುತ್ತಾರೆ. ಅದು ಎದುರಾದಲ್ಲೆಲ್ಲ ಪ್ರೋಗ್ರಾಂ ನಿಂತುಬಿಡುತ್ತಿತ್ತು. ಅದಕ್ಕೇ ಅವರು ಪುಟ್ಟ ಫಂಕ್ಷನ್ ಒಂದನ್ನು ಬರೆದು, ಇಂಗ್ಲಿಷ್ ಅಕ್ಷರದಲ್ಲಿ 'ಇಲ್ಲಅನ್ನು' ಎಂದು ಹೆಸರಿಟ್ಟರು. ಖಾಲಿ ಕಂಡಲ್ಲಿ ಅದು "ಇಲ್ಲ" ಎಂದು ತುಂಬುತ್ತಿತ್ತು. ಫೋನ್ ನಂಬರಿಗೆ ಸರಿಯೇ. ಗಂಡನ ಹೆಸರಿಗೂ ಅದನ್ನೇ ಓಡಿಸಿದೆವು.

ನಮ್ಮ ಕಡೆಯ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ನಾನೂ ಒತ್ತಾಯಿಸದೆ ಎಷ್ಟೋ ಕಾಲಂ ಖಾಲಿ ಬಿಟ್ಟಿದ್ದೆ...

ಸಂಘದಲ್ಲಿ ಪಟ್ಟಿ ಓದುತ್ತಿದ್ದಂತೆ ಒಬ್ಬಾಕೆ ಎದ್ದಳು. "ಏನವ್ವಾ, ನಿನ್ನ ಮಿಷನ್ನು ನನ್ ಗಂಡನ್ನ ಇಲ್ಲ ಅಂತೈತೆ! ಮನೇಲಿ ಮುದ್ದೆ ಉಣ್ತಾ ಕುಂತವ್ರೆ!"

ಎಲ್ಲರೂ ನಕ್ಕರು. ಟೀಚರ್ ನಗಲಿಲ್ಲ. ತಮ್ಮ ಸಾಲಿನಲ್ಲೂ ಅವರು ಗಂಡನ ಹೆಸರು ಹಾಕಿರಲಿಲ್ಲ; ಅಲ್ಲೂ "ಇಲ್ಲ" ಎಂದೇ ಅಚ್ಚಾಗಿತ್ತು. ಹಿಂದೆ ನಿಂತಿದ್ದ ಮೈದುನ ಆ ಹಾಳೆಯನ್ನು ಆಗಲೇ ಮಡಚಿಕೊಂಡಿದ್ದ. "ನೀವೇ ಬರೆದಿದ್ದೀರಲ್ಲ ಅತ್ತಿಗೆ. ಇನ್ನೇನೈತೆ ಕೇಳೋಕೆ?"

ಮರುದಿನ ಬೆಳಗಿನಿಂದ ಅವರು ಕುರ್ಚಿ ಬಿಟ್ಟೇಳಲಿಲ್ಲ. ಆ ಫಂಕ್ಷನ್ ಅಳಿಸಿ ಎರಡು ಹೊಸವು ಬರೆದರು: 'ಹೇಳಿಲ್ಲ', 'ಗೊತ್ತಿಲ್ಲ'. ಯಾವ ಸಾಲಿಗೆ ಯಾವುದೆಂದು ನನ್ನನ್ನು ಕೇಳಿ ಕೇಳಿ ಹಾಕಿದರು. ತಮ್ಮ ಸಾಲಿಗೆ ಬಂದಾಗ ಕೇಳಲಿಲ್ಲ.

"ಹೆಸರಿಡೋದ್ರಲ್ಲೇ ತಪ್ಪಿದೆ ಕಣಮ್ಮಾ," ಎಂದರು. ಎರಡು ಪ್ರತಿ ತೆಗೆದು, ಒಂದನ್ನು ಎದೆಗವಚಿಕೊಂಡು ಮೊಳಕಾಲ್ಮೂರಿನ ಬಸ್ಸಿಗೆ ಓಡಿದರು.

ವಾರ ಕಳೆದು ಬಂದರು. ಹಣೆ ಬೋಳು, ಕೈ ಬೋಳು. ಮಣಿಕಟ್ಟಿನ ಮೇಲೆ ಒಡೆದ ಬಳೆ ಗೀರಿದ ಗಾಯ. "ಹೋಗೋ ಹೊತ್ತಿಗೆ ಎಲ್ಲಾ ತೀರ್ಮಾನ ಮಾಡಿ ಕುಂತಿದ್ರು. ಹಾಳೆ ಯಾರೂ ನೋಡಲಿಲ್ಲ..."

ಆಮೇಲೆ ಅವರು ಬರಲಿಲ್ಲ. ನಾನೂ ಮದುವೆಯಾಗಿ ಬಂದೆ.

ಶೆಲ್ಫಿನಲ್ಲಿದ್ದದ್ದು ಆ ಎರಡನೆಯ ಪ್ರತಿ. ಅವರ ಹೆಸರಿನ ಮುಂದೆ ಇನ್ನೂ ಓದಲು ಬರುತ್ತದೆ: ಗೊತ್ತಿಲ್ಲ. ಇಷ್ಟು ವರ್ಷ ಅದರ ಮೇಲೆ ಸಾಸಿವೆ, ಜೀರಿಗೆ ಇಟ್ಟಿದ್ದೆನಲ್ಲ... ಕಾಗದವನ್ನು ಸೀರೆಗಳ ನಡುವೆ ಇಟ್ಟು, ಡಬ್ಬಿಗಳನ್ನು ಬರಿ ಹಲಗೆಯ ಮೇಲೇ ಜೋಡಿಸಿದೆ.